ಗಾಲ್ಫ್ ಜಿಟಿಐ: ಐಡಲ್‌ನಲ್ಲಿ ಮಾತ್ರ ಮಿಸ್‌ಫೈರ್

ಪ್ಲಗ್, ಕೇಬಲ್, ಕ್ಯಾಪ್ ಎಲ್ಲ ಹೊಸದು, ಆದರೂ 1983ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರು ಐಡಲ್‌ನಲ್ಲಷ್ಟೇ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಮಿಸ್ ಹೊಡೆಯುತ್ತೆ, ಅಂದರೆ ಸಿಲಿಂಡರ್ ಸರಿಯಾಗಿ ಉರಿಯಲ್ಲ ಅಂದಿದ್ದೀರಿ. ಹಾಗಿದ್ದರೆ ನನ್ನ ಮೊದಲ ಅನುಮಾನ ಪೆಟ್ರೋಲ್ ಸಿಂಪಡಿಸೋ ಇಂಜೆಕ್ಟರ್‌ಗಳ ಓ-ರಿಂಗ್‌ಗಳ (ರಬ್ಬರ್ ಉಂಗುರಗಳ) ಮೇಲೆ. ಈ ಕಾರಿನ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆಯಾದ ಕೆ-ಜೆಟ್ರಾನಿಕ್‌ನಲ್ಲಿ ಇಂಜೆಕ್ಟರನ್ನು ಹಿಡಿದಿಡೋದೇ ಆ ರಬ್ಬರ್. ಅದು ಒಣಗಿ ಗಟ್ಟಿಯಾದರೆ ಸೆನ್ಸರ್ ಪ್ಲೇಟ್ (ಒಳಬರುವ ಗಾಳಿಯನ್ನು ಅಳೆಯೋ ತಟ್ಟೆ) ಅಳೆಯದ ಗಾಳಿ ಒಳನುಗ್ಗಿ ಆ ಸಿಲಿಂಡರ್ ಲೀನ್ ಆಗುತ್ತೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತೆ. ಐಡಲ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆ, ಅದಕ್ಕೇ ಅಲ್ಲೇ ಎದ್ದು ಕಾಣೋದು.

ಎಂಜಿನ್ ಓಡುವಾಗ ಒಂದೊಂದೇ ಇಂಜೆಕ್ಟರನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಸಲೀಸಾಗಿ ತಿರುಗಿ ಐಡಲ್ ಬದಲಾದರೆ ನಾಲ್ಕೂ ರಿಂಗ್ ಬದಲಿಸಿ, ಪೆಟ್ರೋಲ್ ಹಚ್ಚಿ ಕೂರಿಸಿ. ಸಿಲಿಂಡರ್ ಹೆಡ್‌ನಲ್ಲಿರುವ ಇನ್ಸರ್ಟ್ (ಇಂಜೆಕ್ಟರ್ ಕೂರೋ ತಿರುಪು ತೋಳು) ಸಡಿಲವಾಗಿದ್ದರೆ ಅದನ್ನೂ ಬಿಗಿ ಮಾಡಿ, ಇದನ್ನು ತುಂಬಾ ಜನ ಮರೀತಾರೆ.

ಇಷ್ಟಾದರೂ ಹೋಗದಿದ್ದರೆ ಎಂಜಿನ್ ತಣಿದ ಮೇಲೆ ಇಂಜೆಕ್ಟರ್‌ಗಳನ್ನು ನಾಲ್ಕು ಬಾಟಲಿಗಿಳಿಸಿ, ಕಿಡಿ ಬಾರದಂತೆ ಇಗ್ನಿಷನ್ ಸಂಪರ್ಕ ತೆಗೆದು, ಪೆಟ್ರೋಲ್ ಪಂಪ್ ಓಡಿಸಿ ಸೆನ್ಸರ್ ಪ್ಲೇಟ್ ಎತ್ತಿ, ಬಾಟಲಿಗಳಲ್ಲಿ ಬಿದ್ದ ಪೆಟ್ರೋಲ್ ಅಳತೆ ಹೋಲಿಸಿ. ಪ್ಲೇಟ್ ಬಿಟ್ಟ ಮೇಲೂ ತೊಟ್ಟಿಕ್ಕುವ ಇಂಜೆಕ್ಟರ್ ಕೆಟ್ಟಿದೆ. ಬೆಂಕಿ ನಂದಿಸೋ ಸಿಲಿಂಡರ್ ಪಕ್ಕದಲ್ಲೇ ಇರಲಿ.