ಸ್ನೋಮೊಬೈಲ್‌ಗೆ ಸಾಕೆಟ್ ಹಾಕುವ ಮೊದಲು

ಪ್ರಶ್ನೆ: ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಡುಲೂತ್ ಹತ್ತಿರ. ಹಳೇ ಸ್ನೋಮೊಬೈಲ್ (ಹಿಮದ ಮೇಲೆ ಓಡಿಸುವ ಗಾಡಿ) ಒಂದನ್ನು ತಗೊಂಡಿದ್ದೇನೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು, ಬ್ಯಾಟರಿ ಇಲ್ಲ. ಮೊಬೈಲ್ ಚಾರ್ಜ್ ಮಾಡಲು ಕಾರಿನಲ್ಲಿರುವಂಥ 12 ವೋಲ್ಟ್ ಸಾಕೆಟ್ ಬೇಕು. ಹೆಡ್‌ಲೈಟ್ ವೈರಿಗೆ ಸೇರಿಸಿದರೆ ಆಗುತ್ತದಾ?

ಉತ್ತರ: ನೇರವಾಗಿ ಸೇರಿಸಬೇಡಿ. ಬ್ಯಾಟರಿ ಇಲ್ಲದ ಹಳೇ ಗಾಡಿಗಳಲ್ಲಿ ಎಂಜಿನ್ ತಿರುಗಿದಾಗ ಒಳಗಿನ ಸ್ಟೇಟರ್ ಕಾಯಿಲ್‌ನಲ್ಲಿ (ಕರೆಂಟ್ ಹುಟ್ಟಿಸುವ ತಂತಿ ಸುರುಳಿ) ಹುಟ್ಟುವ ಕರೆಂಟ್ ಎ.ಸಿ., ಅಂದರೆ ದಿಕ್ಕು ಬದಲಿಸುತ್ತಲೇ ಇರುವಂಥದ್ದು. ಅದು ಸಾಮಾನ್ಯವಾಗಿ ಎ.ಸಿ. ಆಗಿಯೇ ಹೆಡ್‌ಲೈಟ್‌ಗೂ ಹಿಡಿಕೆ ಬಿಸಿ ಮಾಡುವ ಹೀಟರ್‌ಗೂ ಹೋಗುತ್ತದೆ. ನಮ್ಮೂರಿನ ಹಳೇ ಮೊಪೆಡ್‌ಗಳಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಲೈಟ್ ಮಂಕಾಗುತ್ತಿತ್ತಲ್ಲ, ಇದೂ ಹಾಗೇ. ಬಲ್ಬಿಗೆ ಎ.ಸಿ. ಆದರೂ ಸರಿ, ಬ್ಯಾಟರಿಯಿಂದ ಬರುವಂತೆ ಒಂದೇ ದಿಕ್ಕಿನಲ್ಲಿ ಹರಿಯುವ ಡಿ.ಸಿ. ಆದರೂ ಸರಿ. ಮೊಬೈಲ್ ಚಾರ್ಜರ್‌ಗೆ ಮಾತ್ರ ಡಿ.ಸಿ.ಯೇ ಬೇಕು, ಎ.ಸಿ. ಕೊಟ್ಟರೆ ಅದು ಸುಟ್ಟು ಹೋಗಬಹುದು.

ಮೊದಲು ಮಲ್ಟಿಮೀಟರ್ ತಗೊಂಡು ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ವೈರಿನಲ್ಲಿ ಎ.ಸಿ. ಇದೆಯೋ ಡಿ.ಸಿ. ಇದೆಯೋ ನೋಡಿ. ಎ.ಸಿ. ಇದ್ದರೆ ಅದನ್ನು ಡಿ.ಸಿ. ಮಾಡಲು ರೆಕ್ಟಿಫೈಯರ್ ಬೇಕು. ನಾಲ್ಕು ಡಯೋಡಿನ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಬ್ರಿಡ್ಜ್ ರೆಕ್ಟಿಫೈಯರ್‌ಗೆ, ವೋಲ್ಟೇಜಿನ ಏರಿಳಿತ ತಗ್ಗಿಸುವ ಒಂದು ಕೆಪಾಸಿಟರ್ ಸೇರಿಸಿದರೆ ಕೆಲಸವೇನೋ ಆಗುತ್ತದೆ, ಆದರೆ ವೋಲ್ಟೇಜ್ 16–17ಕ್ಕೂ ಅದಕ್ಕಿಂತ ಮೇಲೂ ಏರಬಹುದು. ಆದ್ದರಿಂದ 12–24 ವೋಲ್ಟ್ ಎಂದು ಬರೆದಿರುವ ಯು.ಎಸ್.ಬಿ. ಚಾರ್ಜರನ್ನೇ ತಗೊಳ್ಳಿ, ಇಲ್ಲವೇ ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ರೆಗ್ಯುಲೇಟರ್ ಕೂಡ ಸೇರಿರುವ ರೆಡಿ ಕಿಟ್ ಹಾಕಿಸಿ.

ಇಲ್ಲೊಂದು ಕಡೆ ತುಂಬ ಜನ ಎಡವುತ್ತಾರೆ. ಸ್ಟೇಟರ್ ಕಾಯಿಲಿನ ಒಂದು ತುದಿ ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ಅರ್ಥ್ ಆಗಿರುವ ಗಾಡಿಯಲ್ಲಿ ಬ್ರಿಡ್ಜ್ ಹಾಕಿ, ಅದರ ನೆಗೆಟಿವ್ ವೈರನ್ನೂ ಚಾಸಿಗೆ ಕೊಟ್ಟರೆ ಒಂದು ಡಯೋಡಿನ ಮೂಲಕ ಶಾರ್ಟ್ ಆಗುತ್ತದೆ. ಸಾಕೆಟ್ ನಡುವಿನ ಪಿನ್ ಪಾಸಿಟಿವ್, ಸುತ್ತಲಿನ ಲೋಹದ ಕೊಳವೆ ನೆಗೆಟಿವ್ ಅಲ್ವಾ, ಆ ಕೊಳವೆ ಗಾಡಿಯ ಲೋಹಕ್ಕೆ ತಾಗಿದರೂ ಅದೇ ಗತಿ. ಹಾಗಾಗಿ ಹೊರಮೈ ಪ್ಲಾಸ್ಟಿಕ್ ಇರುವ ಸಾಕೆಟ್ ಆರಿಸಿ, ನೆಗೆಟಿವ್ ವೈರನ್ನು ಬ್ರಿಡ್ಜಿನಿಂದ ಬೇರೆಯಾಗಿಯೇ ಎಳೆಯಿರಿ.

ಇನ್ನು ಲೆಕ್ಕ. ಉಪಕರಣದ ಮೇಲಿರುವ ವಾಟ್ಸನ್ನು 12ರಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಎಂದು ಗೊತ್ತಾಗುತ್ತದೆ. 60 ವಾಟ್ ಹೆಡ್‌ಲೈಟ್ 5 ಆಂಪಿಯರ್ ಎಳೆಯುತ್ತದೆ. 12 ವಾಟ್ ಮೊಬೈಲ್ ಚಾರ್ಜರ್ ಬರೀ 1 ಆಂಪಿಯರ್ ಚಿಲ್ಲರೆ, ಅದನ್ನು ಗಾಡಿ ತಡೆದುಕೊಳ್ಳುತ್ತದೆ. 120 ವಾಟಿನ ಗಾಳಿ ಪಂಪನ್ನೋ ಕರೆಂಟಿನಿಂದ ಬಿಸಿಯಾಗುವ ಜಾಕೆಟನ್ನೋ ಅದೇ ಸಾಕೆಟ್‌ಗೆ ಸಿಕ್ಕಿಸಿದರೆ ಹೆಡ್‌ಲೈಟ್ ಮಂಕಾಗುತ್ತದೆ, ಕತ್ತಲಲ್ಲಿ ಕಾಡಿನ ದಾರಿಯಲ್ಲಿ ಹೋಗುವವರಿಗೆ ಅದು ಸಣ್ಣ ವಿಷಯ ಅಲ್ಲ.

ಪ್ರಶ್ನೆ: ಕೆನಡಾದ ಒಂಟಾರಿಯೊದಲ್ಲಿದ್ದೇನೆ. ನನ್ನದು ಬ್ಯಾಟರಿ ಇರುವ ಹೊಸ ಗಾಡಿ. ಸಾಕೆಟ್ ವೈರನ್ನು ಬ್ಯಾಟರಿಗೇ ಕೊಡಲಾ? ಫ್ಯೂಸ್ ಎಲ್ಲಿ ಹಾಕಬೇಕು?

ಉತ್ತರ: ಬ್ಯಾಟರಿಯಿಂದಲೇ ತಗೊಳ್ಳಿ, ಆದರೆ ನಡುವೆ ಒಂದು ರಿಲೇ (ಕರೆಂಟಿನಿಂದಲೇ ಆನ್ ಆಗುವ ಸ್ವಿಚ್ಚು) ಇರಲಿ. ಕೀ ಆನ್ ಆದಾಗ ಮಾತ್ರ ಸಾಕೆಟ್‌ಗೆ ಕರೆಂಟ್ ಬರಬೇಕು. ನೇರವಾಗಿ ಕೊಟ್ಟರೆ ಯು.ಎಸ್.ಬಿ. ಚಾರ್ಜರಿನ ಪುಟ್ಟ ನೀಲಿ ದೀಪ ಸುಮ್ನೆ ಹಗಲೂ ರಾತ್ರಿ ಉರಿಯುತ್ತಲೇ ಇರುತ್ತದೆ, ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ಬ್ಯಾಟರಿ ಅದರಿಂದಲೇ ಖಾಲಿಯಾಗಬಹುದು. ಖಾಲಿಯಾದ ಲೆಡ್ ಆ್ಯಸಿಡ್ ಬ್ಯಾಟರಿ ನಿಮ್ಮೂರಿನ ಚಳಿಗೆ ಹೆಪ್ಪುಗಟ್ಟಿ ಒಡೆದೂ ಹೋಗಬಹುದು. ಪೂರ್ತಿ ಚಾರ್ಜ್ ಇದ್ದರೆ ಆ ಭಯ ಇಲ್ಲ.

ಫ್ಯೂಸ್ ಇರಬೇಕಾದ್ದು ಬ್ಯಾಟರಿಯ ಪಾಸಿಟಿವ್ ತುದಿಯ ಹತ್ತಿರ, ಒಂದು ಗೇಣಿನ ಒಳಗೆ. ಸಾಕೆಟ್ ಪಕ್ಕದಲ್ಲಿ ಹಾಕಿದರೆ, ದಾರಿಯಲ್ಲಿ ಎಲ್ಲೋ ವೈರ್ ಉಜ್ಜಿ ಶಾರ್ಟ್ ಆದಾಗ ಆ ಫ್ಯೂಸಿಗೆ ಗೊತ್ತೇ ಆಗುವುದಿಲ್ಲ, ವೈರ್ ಹೊತ್ತಿಕೊಳ್ಳುತ್ತದೆ. 16 ಗೇಜ್ ವೈರ್ ಎಳೆದು 10 ಆಂಪಿಯರ್ ಫ್ಯೂಸ್ ಹಾಕಿ. ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂತ 20 ಆಂಪಿಯರಿನದ್ದು ಹಾಕಬೇಡಿ, ದಯವಿಟ್ಟು. ತೊಂದರೆ ಎಲ್ಲಿದೆ ಅಂತ ಹುಡುಕಿ.

ವೈರನ್ನು ಎಕ್ಸಾಸ್ಟ್ ಪೈಪಿನಿಂದ, ಬೆಲ್ಟು ಮತ್ತು ಕ್ಲಚ್‌ನಿಂದ ದೂರ ಇಡಿ. ಹ್ಯಾಂಡಲ್ ಬಾರನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ವೈರ್ ಎಲ್ಲಾದರೂ ಬಿಗಿಯಾಗುತ್ತದಾ, ಸಿಕ್ಕಿಹಾಕಿಕೊಳ್ಳುತ್ತದಾ ನೋಡಿದ ಮೇಲೆಯೇ ಕಟ್ಟಿ. ಜಾಯಿಂಟ್‌ಗಳಿಗೆ ಬಿಸಿ ಮಾಡಿದಾಗ ಕುಗ್ಗುವ ಸ್ಲೀವ್ ಹಾಕಿ, ಬರೀ ಟೇಪ್ ಸುತ್ತಿದರೆ ಹಿಮ ಕರಗಿದ ನೀರು ಒಳಗಿಳಿಯುತ್ತದೆ. ಸಾಕೆಟ್‌ಗೆ ರಬ್ಬರ್ ಮುಚ್ಚಳ ಇರಲೇಬೇಕು. ದಡಬಡ ಓಡುವಾಗ ಕಾರಿನ ಮಾದರಿಯ ಪ್ಲಗ್ ಸಡಿಲವಾಗಿ ಹೊರಗೆ ಬರುವುದು ಜಾಸ್ತಿ, ಅದಕ್ಕೇ ನಾನಾದರೆ ಸ್ಕ್ರೂ ಹಾಕಿ ಕೂರಿಸುವ ಯು.ಎಸ್.ಬಿ. ಪೋರ್ಟನ್ನೇ ಹಾಕುತ್ತೇನೆ. ಹೆಲ್ಮೆಟ್ಟಿನ, ಕರೆಂಟಿನಿಂದ ಬಿಸಿಯಾಗುವ ಗಾಜಿಗೆ ಹೆಚ್ಚಾಗಿ ಆರ್.ಸಿ.ಎ. ಪಿನ್ (ಹಳೇ ಟಿ.ವಿ.ಗೆ ಸಿಕ್ಕಿಸುತ್ತಿದ್ದಂಥ ದುಂಡನೆಯ ಪಿನ್) ಬಳಸುತ್ತಾರೆ. ಅದನ್ನು ಬೇರೆಯಾಗಿಯೇ ಕೊಡಿ. ಗಾಡಿಯಿಂದ ಬಿದ್ದರೆ ತಟ್ಟನೆ ಬಿಟ್ಟುಕೊಳ್ಳುವಂತೆ ಇರಲಿ, ಕುತ್ತಿಗೆಗೆ ಎಳೆತ ಬೀಳಬಾರದು.

ಪ್ರಶ್ನೆ: ಹುಬ್ಬಳ್ಳಿಯಿಂದ ಗುಲ್ಮಾರ್ಗ್‌ಗೆ ಹೋಗುತ್ತಿದ್ದೇವೆ. ಬಾಡಿಗೆ ಸ್ನೋಮೊಬೈಲ್‌ನಲ್ಲಿ ಮೊಬೈಲ್ ಚಾರ್ಜ್ ಮಾಡಬಹುದಾ?

ಉತ್ತರ: ಸಾಕೆಟ್ ಇದ್ದರೂ ಓಡಿಸುವವರನ್ನು ಕೇಳದೆ ಏನನ್ನೂ ಸಿಕ್ಕಿಸಬೇಡಿ. ಮೊಬೈಲಿನ ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಚಾರ್ಜ್ ಮಾಡಿದರೆ ಅದು ಶಾಶ್ವತವಾಗಿ ಹಾಳಾಗಬಹುದು. ಫೋನನ್ನೂ ಪವರ್ ಬ್ಯಾಂಕನ್ನೂ ಜಾಕೆಟ್ಟಿನ ಒಳಜೇಬಿನಲ್ಲಿ, ಮೈಗೆ ಹತ್ತಿರ ಇಟ್ಟುಕೊಳ್ಳಿ. ಹೋಟೆಲಿಗೆ ಬಂದ ಕೂಡಲೇ ಚಾರ್ಜರ್ ಚುಚ್ಚಬೇಡಿ. ಫೋನ್ ಕೋಣೆಯ ಬಿಸಿಗೆ ಬರಲಿ, ಚಾರ್ಜಿಂಗ್ ತೂತಿನಲ್ಲಿ ಕೂತ ತೇವ ಆರಲಿ, ಆಮೇಲೆ ಹಾಕಿ.