ಮರಿ ಎಣಿಸಿದ್ದೀರಿ, ಸೂಲು ಎಣಿಸಿಲ್ಲ

ಮಾನ್ಯರೇ,

ಹೊಸ ಕೀಟನಾಶಕದ ಪ್ರಜನನ ವಿಷತ್ವವನ್ನು (ಸಂತಾನಶಕ್ತಿಗೂ ಹುಟ್ಟುವ ಮರಿಗೂ ಆಗುವ ಹಾನಿಯನ್ನು) ಪ್ರಯೋಗಾಲಯದ ಇಲಿಗಳಲ್ಲಿ ಹೇಗೆ ಪರೀಕ್ಷಿಸುತ್ತಾರೆ ಎಂಬ ನಿಮ್ಮ ಲೇಖನ ತಲುಪಿದೆ. ಕನ್ನಡದಲ್ಲಿ ಇಂಥ ಬರಹ ಬರಲೇಬೇಕು. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಭಾಷೆ ಸೊಗಸಾಗಿದೆ, ಲೆಕ್ಕ ತಪ್ಪಿದೆ. ಈ ಪರೀಕ್ಷೆಯಲ್ಲಿ ಯಾವ ದಿನ ಏನು ನಡೆಯಿತು ಎನ್ನುವುದೇ ಮುಖ್ಯ. ಆ ದಿನಗಳೇ ಲೇಖನದಲ್ಲಿ ಇಲ್ಲ.

ಮೊದಲು ಲೆಕ್ಕ. ಉದಾಹರಣೆಗೆಂದು ನೀವು ಕೊಟ್ಟಿರುವುದು: ‘240 ಮರಿಗಳಲ್ಲಿ 24ಕ್ಕೆ ದೋಷ, ಅಂದರೆ ಶೇ 10’. ಆ 240 ಮರಿಗಳು 20 ತಾಯಂದಿರವು. ಒಂದು ತಾಯಿ ಒಂದು ಸಲಕ್ಕೆ ಹಾಕುವ ಮರಿಗಳೆಲ್ಲ ಸೇರಿ ಒಂದು ಸೂಲು. ದೋಷವಿದ್ದ 24 ಮರಿಗಳೂ ಎರಡೇ ತಾಯಂದಿರ ಸೂಲಿನಲ್ಲಿದ್ದರೆ ತೊಂದರೆಯಾದದ್ದು 20ರಲ್ಲಿ ಎರಡಕ್ಕೆ. ಸೂಲಿಗೆ ಒಂದೋ ಎರಡೋ ಮರಿಯಂತೆ ಹಂಚಿಹೋಗಿದ್ದರೆ 20ಕ್ಕೆ 20ಕ್ಕೂ ಆಗಿದೆ. ಎರಡೂ ಕಡೆ ಶೇಕಡಾವಾರು ಒಂದೇ, ಅರ್ಥ ಪೂರ್ತಿ ಬೇರೆ. ಡೋಸ್ ಕೊಟ್ಟದ್ದು ತಾಯಿಗೆ. ಒಂದೇ ಸೂಲಿನ ಮರಿಗಳಿಗೆ ರಕ್ತ, ಗರ್ಭಕೋಶ, ಹಾಲು ಎಲ್ಲವೂ ಒಂದೇ. ತಾಯಿ ಮೇವು ಬಿಟ್ಟರೆ ಎಲ್ಲ ಮರಿಗಳೂ ಸೊರಗುತ್ತವೆ. ಹಾಗಾಗಿ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಸಿಗುವುದು 20, 240 ಅಲ್ಲ. ಗುಂಪಿಗೆ ಸುಮಾರು 20 ಗಬ್ಬದ ಇಲಿಗಳು ಬೇಕೆಂದು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಮಾರ್ಗಸೂಚಿ ಕೇಳುವುದೂ ಇದಕ್ಕಾಗಿಯೇ.

ಎರಡನೆಯದು ಗಂಡಿಲಿಯ ಭಾಗ. ‘14 ದಿನ ರಾಸಾಯನಿಕ ತಿನ್ನಿಸಿ ಜೋಡಿ ಬಿಟ್ಟರು, ಹೆಣ್ಣುಗಳು ಗಬ್ಬ ಕಟ್ಟಿದವು, ಆದ್ದರಿಂದ ಸುರಕ್ಷಿತ’ ಎಂದಿದ್ದೀರಿ. ಈ ಒಂದು ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಇಲಿಯ ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು 50 ದಿನಕ್ಕಿಂತ ಹೆಚ್ಚು ಬೇಕು, ವೃಷಣಕ್ಕೆ ಅಂಟಿಕೊಂಡ, ವೀರ್ಯಾಣು ಪಕ್ವವಾಗುವ ನಾಳ ಎಪಿಡಿಡಿಮಿಸ್ ದಾಟಿ ಬರಲು ಇನ್ನೂ ಒಂದೆರಡು ವಾರ. ಎರಡು ತಲೆಮಾರಿನ ಪರೀಕ್ಷೆಯ ಒಇಸಿಡಿ ಮಾರ್ಗಸೂಚಿ (ಸಂಖ್ಯೆ 416), ಜೋಡಿ ಬಿಡುವ ಮುನ್ನ 10 ವಾರ ಡೋಸ್ ಕೇಳುವುದು ಅದಕ್ಕೇ. 14 ದಿನದ ಸಂಖ್ಯೆ ನಿಮಗೆ ಮಾರ್ಗಸೂಚಿ 421ರಲ್ಲಿ ಸಿಕ್ಕಿರಬೇಕು. ಅದು ಪ್ರಾಥಮಿಕ ಶೋಧ ಪರೀಕ್ಷೆ ಮಾತ್ರ. ಅಲ್ಲೂ ಜೋಡಿ ಬಿಟ್ಟ ಮೇಲೆ ಡೋಸ್ ಮುಂದುವರಿಸಿ ಕನಿಷ್ಠ 28 ದಿನ ಮುಟ್ಟಿಸುತ್ತಾರೆ, ವೃಷಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎರಡನ್ನೂ ಬೆರೆಸಬೇಡಿ.

ಇನ್ನು ‘ಗಬ್ಬ ಕಟ್ಟಿದವು’ ಎಂಬ ಸಮಾಧಾನ. ಇಲಿಯಲ್ಲಿ ವೀರ್ಯಾಣುಗಳ ದಾಸ್ತಾನು ಬಹಳ ದೊಡ್ಡದು. ಸಂಖ್ಯೆ ಹತ್ತನೇ ಒಂದು ಭಾಗಕ್ಕೆ ಇಳಿದರೂ ಅದು ಮರಿ ಹುಟ್ಟಿಸಬಲ್ಲದು. ಮನುಷ್ಯನಿಗೆ ಅಷ್ಟು ಹೆಚ್ಚುವರಿ ಇಲ್ಲ. ಆದ್ದರಿಂದ ವೃಷಣದ ತೂಕ, ವೀರ್ಯಾಣುಗಳ ಎಣಿಕೆ ಮತ್ತು ಚಲನೆ, ವೃಷಣದ ತೆಳು ಸೀಳಿನ ಸೂಕ್ಷ್ಮದರ್ಶಕ ನೋಟ ಇವನ್ನೆಲ್ಲ ಬರೆಯಲೇಬೇಕು. ವೃಷಣವನ್ನು ಬರಿ ಫಾರ್ಮಲಿನ್‌ನಲ್ಲಿ ಹಾಕಿಟ್ಟರೆ ನಾಳಗಳು ಕುಗ್ಗಿ ನಡುವೆ ಬಿರುಕು ಬಿಡುತ್ತವೆ, ಅದನ್ನೇ ರಾಸಾಯನಿಕದ ಹಾನಿ ಎಂದು ಓದಿಬಿಡುವ ಅಪಾಯವಿದೆ. ಅಂಗಾಂಶವನ್ನು ಕೆಡದಂತೆ ಇಡಲು ಬೂಯಿನ್ ಅಥವಾ ಮಾರ್ಪಡಿಸಿದ ಡೇವಿಡ್ಸನ್ ದ್ರಾವಣ ಬಳಸುವುದು ಈ ಕಾರಣಕ್ಕೆ. ಇಲ್ಲಿ ನಿಮಗೆ ಡಿಬಿಸಿಪಿಯ ಕಥೆ ಬೇಕು. ಮಣ್ಣಿನ ಜಂತುಹುಳುಗಳನ್ನು ಕೊಲ್ಲುವ ಈ ಕೀಟನಾಶಕ ಇಲಿಗಳ ವೃಷಣವನ್ನು ಕುಗ್ಗಿಸುತ್ತದೆಂದು 1961ರಲ್ಲೇ ಪ್ರಕಟವಾಗಿತ್ತು. 1977ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಥ್ರಾಪ್‌ನಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಬಂಜೆತನ ಪತ್ತೆಯಾಯಿತು. ನಿಮ್ಮ ಮೂರು ಪುಟಗಳ ಪೀಠಿಕೆಗಿಂತ ಈ 16 ವರ್ಷಗಳ ಅಂತರ ಓದುಗರನ್ನು ಹಿಡಿದು ಕೂರಿಸುತ್ತದೆ.

ಗಬ್ಬದ ದಿನಗಳನ್ನು ‘ಮೊದಲ ವಾರ, ಎರಡನೇ ವಾರ’ ಎಂದು ಬರೆದಿದ್ದೀರಿ. ಇಲಿಯ ಗಬ್ಬ ಮುಗಿಯುವುದೇ 21ರಿಂದ 23 ದಿನಕ್ಕೆ. ವಾರದಲ್ಲಿ ಅಳೆದರೆ ಎಲ್ಲವೂ ಕೈತಪ್ಪುತ್ತದೆ. ಬೆಳಿಗ್ಗೆ ಯೋನಿಯ ಲೇಪ ತೆಗೆದು ನೋಡಿ, ವೀರ್ಯಾಣು ಕಂಡ ದಿನವನ್ನು 0 ಎನ್ನುತ್ತಾರೆ. ಕೆಲವರು ಅದನ್ನೇ 1 ಎಂದು ಎಣಿಸುವುದರಿಂದ ಯಾವ ಪದ್ಧತಿ ಎಂದು ಹೇಳದಿದ್ದರೆ ಇಡೀ ಪಟ್ಟಿ ಒಂದು ದಿನ ಜಾರುತ್ತದೆ. ಮುಂದೆ ಮಿದುಳು, ಬೆನ್ನುಹುರಿಯಾಗುವ ನರನಾಳ ಸುಮಾರು 11ನೇ ದಿನಕ್ಕೆ ಮುಚ್ಚುತ್ತದೆ, ಅಂಗುಳ ಕೂಡುವುದು 16–17ರ ಹೊತ್ತಿಗೆ. ಡೋಸ್ 12ನೇ ದಿನ ಶುರುವಾದರೆ ನರನಾಳದ ಪ್ರಶ್ನೆಗೆ ಉತ್ತರವೇ ಸಿಗದು.

‘ನಾಲ್ಕು ಭ್ರೂಣ ಸತ್ತವು’ ಎಂಬ ಸಾಲನ್ನು ಒಡೆಯಿರಿ. ಹೆರಿಗೆಗೆ ಒಂದೆರಡು ದಿನ ಮುಂಚೆ ಗರ್ಭಕೋಶ ತೆರೆದಾಗ ಅಂಡಾಶಯದ ಮೇಲೆ 14 ಹಳದಿ ಗಂಟುಗಳಿವೆ (ಬಿಡುಗಡೆಯಾದ ಒಂದೊಂದು ಅಂಡಕ್ಕೆ ಒಂದೊಂದು), ಗರ್ಭಕೋಶದಲ್ಲಿ ಭ್ರೂಣ ನಾಟಿದ ಗುರುತು 12, ಜೀವಂತ ಭ್ರೂಣ 10 ಎನ್ನೋಣ. ನಾಟುವ ಮುನ್ನ ಹೋದದ್ದು 14ರಲ್ಲಿ 2, ನಾಟಿದ ಮೇಲೆ ಕರಗಿದ್ದು 12ರಲ್ಲಿ 2. ನಿಮ್ಮ ಪರೀಕ್ಷೆಯಲ್ಲಿ ಡೋಸ್ ಶುರುವಾದದ್ದು 6ನೇ ದಿನ, ನಾಟಿಕೆ ಆಗಿಹೋದ ಮೇಲೆ. ಅಂದಮೇಲೆ ಮೊದಲ ಎರಡು ನಷ್ಟವನ್ನು ರಾಸಾಯನಿಕದ ತಲೆಗೆ ಕಟ್ಟಲು ಬರುವುದಿಲ್ಲ.

‘ಬಾಯಿಗೆ ಸುರಿದರು’ ಎಂಬಲ್ಲಿ ಕೈಕೆಲಸ ಕಾಣಬೇಕು. ತುದಿ ಗುಂಡಗಿರುವ ಸೂಜಿಯನ್ನು ಅನ್ನನಾಳದ ಮೂಲಕ ಹೊಟ್ಟೆಗೆ ಇಳಿಸುತ್ತಾರೆ. 250 ಗ್ರಾಂ ಇಲಿಗೆ ಕೆ.ಜಿ.ಗೆ 100 ಮಿಲಿಗ್ರಾಂನಂತೆ 25 ಮಿಲಿಗ್ರಾಂ. ಮಿಲಿಲೀಟರ್‌ಗೆ 10 ಮಿಲಿಗ್ರಾಂ ದ್ರಾವಣವಾದರೆ 2.5 ಮಿ.ಲೀ. ಗಬ್ಬದಲ್ಲಿ ತೂಕ ಏರುತ್ತಲೇ ಇರುವುದರಿಂದ ಆಗಾಗ ತೂಗಿ ಪ್ರಮಾಣ ತಿದ್ದಬೇಕು. ರಾಸಾಯನಿಕ ಎಣ್ಣೆಯಲ್ಲಿ ಕರಗಿಸಿದ್ದರೆ ಹೋಲಿಕೆಯ ಗುಂಪಿಗೂ ಅದೇ ಎಣ್ಣೆ, ಅಷ್ಟೇ ಪ್ರಮಾಣ. ಸೂಜಿ ಶ್ವಾಸನಾಳಕ್ಕೆ ಹೋಗಿ ಇಲಿ ಸತ್ತರೆ ಅದು ಕೈತಪ್ಪಿನ ಸಾವು. ಶ್ವಾಸಕೋಶ ತೆರೆದು ನೋಡದೆ ವಿಷದ ಖಾತೆಗೆ ಬರೆಯುವಂತಿಲ್ಲ.

ಸೀಳಂಗುಳ ಮತ್ತು ಅಲೆಯಂತೆ ಬಾಗಿದ ಪಕ್ಕೆಲುಬು ಎರಡನ್ನೂ ‘ವಿರೂಪ’ದಲ್ಲಿ ಸೇರಿಸಿದ್ದೀರಿ. ಮೊದಲನೆಯದು ಶಾಶ್ವತ ದೋಷ. ಎರಡನೆಯದು ಹೆಚ್ಚಾಗಿ ಹುಟ್ಟಿದ ಮೇಲೆ ಸರಿಹೋಗುವಂಥದ್ದು. ತಾಯಿಯೇ ಬಳಲಿದಾಗಲೂ ಕಾಣಿಸುತ್ತದೆ. ಬೇರೆ ಬೇರೆ ಕಾಲಂ ಮಾಡಿ, ಪಕ್ಕದಲ್ಲೇ ತಾಯಿಯ ತೂಕ ಮತ್ತು ಮೇವಿನ ಅಂಕಿ ಕೊಡಿ.

‘ಮೂಕಪ್ರಾಣಿಗಳ ಬಲಿದಾನ’ ಎಂಬ ಪ್ಯಾರಾ ತೆಗೆದುಬಿಡಿ. ನಿಮ್ಮ ಕಳಕಳಿ ನಿಜವಾದದ್ದು, ಅದಕ್ಕೆ ವಾಸ್ತವದ ಬಲ ಕೊಡಿ: ಭಾರತದಲ್ಲಿ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಇಂಥ ಪ್ರಯೋಗ ನಡೆಯುವಂತಿಲ್ಲ, 2011ರ ಒಇಸಿಡಿ ಮಾರ್ಗಸೂಚಿ (ಸಂಖ್ಯೆ 443) ಅಗತ್ಯವಿದ್ದರೆ ಮಾತ್ರ ಎರಡನೇ ತಲೆಮಾರು ಕೇಳಿ ಬಹಳಷ್ಟು ಪ್ರಾಣಿಗಳನ್ನು ಉಳಿಸುತ್ತದೆ.

ತಿದ್ದಿ ಕಳಿಸಿ, ಖಂಡಿತ ಮತ್ತೆ ಓದುತ್ತೇವೆ. ಕಳಿಸುವಾಗ ಎರಡನೇ ಚಿತ್ರದ ಅಡಿಬರಹವನ್ನೂ ಬದಲಿಸಿ. ಭ್ರೂಣದಲ್ಲಿ ಕೆಂಪಗೆ ಕಾಣುವುದು ನೀವು ಬರೆದಂತೆ ರಕ್ತಸ್ರಾವವಲ್ಲ, ಅಲಿಜರಿನ್ ಬಣ್ಣ ಹೀರಿದ ಎಲುಬು. ನೀಲಿಯದು ಇನ್ನೂ ಎಲುಬಾಗದ ಮೃದ್ವಸ್ಥಿ.