ಒಲ್ಲದ ವಿಷಯ ಮತ್ತು ಅಜ್ಜನ ಸುರಂಗ

ಆಪ್ತಸಲಹೆಗೆಂದು ನನ್ನ ಬಳಿ ಬಂದವಳು ಕಾಸರಗೋಡಿನ ಒಳನಾಡಿನ ಹುಡುಗಿ, ವಯಸ್ಸು 19. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನು ಎರಡು ಸಲ ಬರೆದರೂ ರ್‍ಯಾಂಕ್ ಸಾಲಲಿಲ್ಲ. ಕೊನೆಗೆ ಪದವಿಗೆ ದಕ್ಕಿದ್ದು ಭೂವಿಜ್ಞಾನ.

“ಪುಸ್ತಕ ತೆರೆದರೆ ನಿದ್ದೆ ಬರುತ್ತದೆ ಮೇಡಂ. ಆ ವಿಷಯದಲ್ಲಿ ನನಗೆ ಆಸಕ್ತಿಯೇ ಇಲ್ಲ. ಇಲ್ಲದ್ದನ್ನು ಎಲ್ಲಿಂದ ತರುವುದು?”

ಊಟ, ನಿದ್ದೆ, ಗೆಳತಿಯರ ಒಡನಾಟ ಸರಿಯಾಗಿಯೇ ಇದ್ದವು. ಆದರೆ ಕೈತಪ್ಪಿದ ಸೀಟಿನ ದುಃಖ ಇನ್ನೂ ಹಸಿಯಾಗಿತ್ತು. ಪ್ರತಿ ಪಾಠವನ್ನೂ ಅವಳು ದೇಹಶಾಸ್ತ್ರದ ಪಕ್ಕದಲ್ಲಿಟ್ಟು ಅಳೆಯುತ್ತಿದ್ದಳು. ಮೊದಲ ಭೇಟಿಯಲ್ಲಿ ನಾನು ಕಲ್ಲುಮಣ್ಣಿನ ಮಾತೇ ಎತ್ತಲಿಲ್ಲ. ಅತ್ತು ಮುಗಿಯದೆ ಹೊಸದರತ್ತ ಕಣ್ಣು ಹೊರಳುವುದಿಲ್ಲ. ಹೆತ್ತವರು ಇಲ್ಲಿ ಅವಸರ ಮಾಡುತ್ತಾರೆ.

ಎರಡನೆಯ ಭೇಟಿಯಲ್ಲಿ ಮನೆಯ ನೀರಿನ ಬಗ್ಗೆ ಕೇಳಿದೆ. ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಅಜ್ಜ ತೋಡಿಸಿದ ಸುರಂಗವಿದೆಯಂತೆ. ನೆಟ್ಟಗೆ ಇಳಿಯುವ ಬಾವಿಯಲ್ಲ. ಮುರಕಲ್ಲಿನೊಳಗೆ, ಅಂದರೆ ತೂತುತೂತಾದ ಕೆಂಪು ಕಲ್ಲಿನೊಳಗೆ, ಅಡ್ಡಲಾಗಿ ಕೊರೆದದ್ದು. ಪಂಪು ಬೇಡ, ನೀರು ತಾನೇ ಹರಿದು, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ತೊಟ್ಟಿಗೆ ಬೀಳುತ್ತದೆ.

“ನೆರೆಮನೆಯ ಬೋರ್‌ವೆಲ್ ಮಾರ್ಚ್‌ನಲ್ಲೇ ಬತ್ತಿತು ಎಂದೆಯಲ್ಲ, ನಿಮ್ಮದರಲ್ಲಿ ಹೇಗೆ ನೀರಿದೆ?”

ಅವಳು ಬಾಯಿ ತೆರೆದು ಸುಮ್ಮನಾದಳು. ಹುಟ್ಟಿದಾಗಿನಿಂದ ಕುಡಿದ ನೀರು; ಬರುವ ದಾರಿ ಗೊತ್ತಿಲ್ಲ. ನನಗೆ ಬೇಕಾಗಿದ್ದುದು ಆ ಮೌನವೇ. ಏನೇನೂ ಗೊತ್ತಿಲ್ಲದ್ದರ ಬಗ್ಗೆ ಕುತೂಹಲ ಹುಟ್ಟುವುದಿಲ್ಲ, ಅರ್ಧ ಗೊತ್ತಿದ್ದು ಅರ್ಧ ಗೊತ್ತಿಲ್ಲದಾಗ ಹುಟ್ಟುತ್ತದೆ. ಅಮೆರಿಕದ ವರ್ತನಾ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಮಂಡಿಸಿದ ವಾದದ ತಿರುಳು ಇದೇ.

ಸಲಹೆ ಹೀಗಿತ್ತು. ಮೂರು ವಾರ ಪಠ್ಯವನ್ನು ಮೊದಲ ಪುಟದಿಂದ ಓದಬೇಡ. ಈ ಒಂದು ಪ್ರಶ್ನೆ ಹಿಡಿದು ಬೇಕಾದ ಪುಟಗಳನ್ನಷ್ಟೇ ಹುಡುಕು. ದಿನಕ್ಕೆ 20 ನಿಮಿಷ ಸಾಕು. ಓದಿದ್ದನ್ನು ಅಜ್ಜನಿಗೆ ಅರ್ಥವಾಗುವಂತೆ ಕನ್ನಡದಲ್ಲಿ ನಾಲ್ಕು ಸಾಲು ಬರೆ, ಇಂಗ್ಲಿಷ್ ಪದ ಆಮೇಲೆ. ಅವಳ ನಿದ್ದೆಯ ಅರ್ಧ ಭಾಗ ಭಾಷೆಯದ್ದು ಎಂದು ನನಗನ್ನಿಸಿತ್ತು. ಕಷ್ಟವಾದರೆ “ಇದು ನನ್ನ ವಿಷಯವಲ್ಲ” ಎಂದು ತೀರ್ಮಾನಿಸಬೇಡ ಎಂದೂ ಹೇಳಿದೆ. ಮನೋವಿಜ್ಞಾನಿಗಳಾದ ಓಕೀಫ್, ಡ್ವೆಕ್ ಮತ್ತು ವಾಲ್ಟನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸಕ್ತಿ ಹುಟ್ಟಿನಿಂದಲೇ ಇರುವಂಥದ್ದು ಎಂದು ನಂಬಿದವರ ಹೊಸ ಆಸಕ್ತಿ ವಿಷಯ ಕಠಿಣವಾದೊಡನೆ ಹೆಚ್ಚು ಕುಗ್ಗಿತ್ತು.

ಮೂರನೆಯ ಭೇಟಿಗೆ ಚೀಲದಲ್ಲಿ ಮುರಕಲ್ಲಿನ ತುಂಡು ತಂದಳು. ಮೇಜಿನ ಮೇಲಿಟ್ಟು ಲೋಟದಿಂದ ನೀರು ಸುರಿದಳು, ತೂತುಗಳೊಳಗೆ ಇಳಿಯಿತು. “ಮಳೆ ನೀರು ಹೀಗೇ ಗುಡ್ಡದೊಳಗೆ ಇಳಿಯುತ್ತದೆ ಮೇಡಂ. ಕೆಳಗೆ ಜೇಡಿಮಣ್ಣಿನ ಪದರ ತಡೆಯುತ್ತದೆ. ಆಮೇಲೆ ಅಡ್ಡಡ್ಡಕ್ಕೆ ಜಿನುಗುತ್ತದೆ. ಅಜ್ಜನ ಸುರಂಗ ಸಿಗುವುದು ಅಲ್ಲೇ!” ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಕಂಡ ಕಲ್ಲಿನಿಂದ, 1807ರ ಪುಸ್ತಕದಲ್ಲಿ, ಎಂಬುದನ್ನು ನಾನು ಕೇಳದೆಯೇ ಹೇಳಿದಳು.

ಸ್ಫಟಿಕಗಳ ಪಾಠ ಮಾತ್ರ ಈಗಲೂ ಬೇಸರವಂತೆ. ಮುಂದಿನ ಸಲ ಅಡುಗೆಮನೆಯಿಂದ ಒಂದು ಹಿಡಿ ಕಲ್ಲುಪ್ಪು ತರಲು ಹೇಳಿದ್ದೇನೆ.